ಬಾಂದುಕಲ್ಲು ಹುಡುಕುವ ಚಿಕ್ಕಸಿದ್ದಮ್ಮ

ಬೆಳಗಿನ ಆರೂಕಾಲು. ಒಂದು ಊರಿನಾಚೆ, ಇಬ್ಬನಿಯಲ್ಲಿ ತೊಯ್ದ ಹುರುಳಿ ಹೊಲದ ಬದುವಿನ ಮೇಲೆ ಚಿಕ್ಕಸಿದ್ದಮ್ಮ ನಿಂತಿದ್ದಾರೆ. ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಸಿಕ್ಕಿಸಿದ್ದಾರೆ. ತಲೆಗೆ ಟವೆಲು, ಹೆಗಲಿಗೆ ಚೀಲ, ಕೈಯಲ್ಲಿ ಹಾರೆ. ಅಳತೆ ಟೇಪಿನ ಒಂದು ತುದಿಯನ್ನು ನನಗೆ ಕೊಟ್ಟು, ಹೊಲದ ಮೂಲೆಯ ಹಳೆಯ ಕಲ್ಲಿನ ಹತ್ತಿರ ನಿಲ್ಲಿಸಿದ್ದಾರೆ.

"ಕಲ್ಲಿನ್ ನೆತ್ತಿ ಮ್ಯಾಕೆ ಇಡ್ಕಳಿ ಸಾ. ಜಗ್ಗಬ್ಯಾಡಿ, ಸಡ್ಲಾನೂ ಬುಡಬ್ಯಾಡಿ."

ಟೇಪು ಬಿಚ್ಚುತ್ತ ಅವರು ಹೋಗುತ್ತಾರೆ. ಅದು ಮುಗಿದಲ್ಲಿ ಗೂಟ ಹೊಡೆದು, ನನ್ನನ್ನು ಅಲ್ಲಿಗೆ ಕರೆದು, ಮತ್ತೆ ಮುಂದಕ್ಕೆ ಅಳೆಯುತ್ತಾರೆ. ನೂರಾ ಎಂಬತ್ತೊಂದೂವರೆ ಅಡಿಗೆ ನಿಂತು ಹಾರೆಯಿಂದ ನೆಲ ಚುಚ್ಚುತ್ತಾರೆ. ಮಣ್ಣು. ಒಂದು ಗೇಣು ಆಚೆಗೆ ಚುಚ್ಚುತ್ತಾರೆ. ಮಣ್ಣು. ಬದುವಿನ ಗರಿಕೆ ಕಿತ್ತು ಮೂರನೆಯ ಸಲ ಚುಚ್ಚಿದಾಗ ಟಣ್ ಎಂದು ಶಬ್ದ ಬರುತ್ತದೆ. ಹಾರೆ ಬಿಸಾಡಿ ಮಂಡಿಯೂರಿ ಕುಳಿತು, ಎರಡೂ ಕೈಯಿಂದ ಮಣ್ಣು ಬಗೆಯುತ್ತಾರೆ. ಮೊಳದಾಳದಲ್ಲಿ ಕಪ್ಪು ಕಲ್ಲಿನ ತಲೆ ಕಾಣುತ್ತದೆ. ಅದರ ಮೇಲೆ ಉಳಿಯಿಂದ ಕೊರೆದ ಅಡ್ಡ ಗೆರೆ.

"ಇಲ್ಲೇ ಅವ್ನೆ ನೋಡಿ, ಮಾರಾಯ" ಎನ್ನುತ್ತಾರೆ, ಕಲ್ಲನ್ನು ತೋರಿಸಿ.

ನನಗೆ ತಲೆಬುಡ ಅರ್ಥವಾಗುವುದಿಲ್ಲ. ಏಕೆಂದರೆ ಅಲ್ಲಿಂದ ಹತ್ತಡಿ ದೂರದಲ್ಲಿ, ಆರು ತೆಂಗಿನ ಮರಗಳ ಸಾಲಿನಾಚೆ, ಸುಣ್ಣ ಬಳಿದ ಹೊಚ್ಚ ಹೊಸ ಕಲ್ಲೊಂದು ನಿಂತಿದೆ. ಒಂದೇ ಮೂಲೆಗೆ ಎರಡು ಕಲ್ಲು ಹೇಗೆ? ಕೇಳುತ್ತೇನೆ. "ಮೇಡಮ್ನೋರು ಬರ್ಲಿ, ಅವ್ರೇ ಯೋಳ್ತರೆ" ಎಂದು ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಾರೆ.

ಜಮೀನಿನ ಗಡಿಗೆ ನೆಡುವ ಕಲ್ಲಿಗೆ ನಮ್ಮಲ್ಲಿ ಬಾಂದುಕಲ್ಲು ಎನ್ನುತ್ತಾರೆ. ಸರ್ವೆ ಕಚೇರಿಯಲ್ಲಿ ಆ ಕಲ್ಲುಗಳನ್ನು ಹುಡುಕುವ, ಬಾವುಟ ಹಿಡಿಯುವ, ಟೇಪು ಎಳೆಯುವ ನೌಕರನಿಗೆ ಬಾಂದು ಜವಾನ ಎಂದು ಹೆಸರು. ಚಿಕ್ಕಸಿದ್ದಮ್ಮ ಇಪ್ಪತ್ತಾರು ವರ್ಷಗಳಿಂದ ಆ ಕೆಲಸದಲ್ಲಿದ್ದಾರೆ. ಯಾವ ತಾಲ್ಲೂಕಿನ ಕಚೇರಿ ಎಂದು ಬರೆಯಬಾರದೆಂದು ಕೇಳಿಕೊಂಡಿದ್ದಾರೆ. "ಉಣ್ಸೂರು, ಪಿರಿಯಾಪಟ್ಣ, ಕೆ.ಆರ್. ನಗರ, ಕೋಟೆ, ನಾಕೂ ತಾಲ್ಲೂಕ್ನಾಗೂ ಟೇಪು ಎಳ್ದಿವ್ನಿ. ಯಾವ್ದೋ ಒಂದು ಅಂತ ಬರ್ಕಳಿ."

ನಾನು ಅವರನ್ನು ಹುಡುಕಿಕೊಂಡು ಬಂದದ್ದೇ ಬೇರೆ ಕಾರಣಕ್ಕೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂತೆ, ಅನುಭವಸ್ಥರೊಬ್ಬರ ಕಿವಿಮಾತು ಬರೆದುಕೊಡಿ ಎಂದು ಪತ್ರಿಕೆಯ ಪುರವಣಿಯವರು ಕೇಳಿದ್ದರು. ಪಿರಿಯಾಪಟ್ಟಣದ ಕಡೆ ಹಿರಿಯ ಭೂಮಾಪಕರಾಗಿರುವ ಕಿರಣ್‌ಕುಮಾರ್ ಅವರನ್ನು ಕೇಳಿದಾಗ, ತಮ್ಮ ಹೆಸರು ಬೇಡವೆಂದು ಇವರ ಹೆಸರು ಹೇಳಿದರು. "ಹದಿನೇಳು ಜನ ಸರ್ವೇಯರ್‌ಗಳು ಅವರ ಕೈಕೆಳಗೆ ಕೆಲಸ ಕಲಿತಿದ್ದೀವಿ. ಕಾಗದದ ಮೇಲೆ ಅವರು ನಮ್ಮ ಕೈಕೆಳಗೆ ಇದ್ದರು, ಅಷ್ಟೇ."

ಇಲ್ಲಿಗೆ ಬಂದು ಕಿವಿಮಾತು ಕೇಳಿದರೆ ಸಿಕ್ಕಿದ್ದು ಇಷ್ಟು: "ವಲಕ್ಕೆ ಓಗೋವಾಗ ನೀರು ಕುಡ್ಕೊಂಡೇ ಓಗ್ಬೇಕು. ಪೈರು ತುಳೀಬಾರ್ದು, ಬದು ಮ್ಯಾಲೇ ನಡೀಬೇಕು." ಇನ್ನೇನಾದರೂ? "ಗೊತ್ತಿಲ್ದಿದ್ರೆ ಕೇಳ್ಬೇಕು." ಐದು ನಿಮಿಷ ಬಿಟ್ಟು, "ಎಲ್ಲಾನೂ ಕೇಳ್ಕೊಂಡೇ ಮಾಡ್ತೀನಿ ಅಂದ್ರೆ ಕೆಲ್ಸ ಬರಾಕಿಲ್ಲ. ಸುಮ್ಕೆ ಮಾಡ್ಬುಡ್ಬೇಕು." ಕೇಳಬೇಕೋ ಮಾಡಬೇಕೋ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. "ಅದು ವಲಕ್ಕೆ ಓದಾಗ ಗೊತ್ತಾಯ್ತದೆ ಸಾ." ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡೂ ವಾಕ್ಯಗಳಿವೆ, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಇದೆ.

ಅವರ ತವರು ಕಟ್ಟೆಮಳಲವಾಡಿಯ ಹತ್ತಿರ. ಓದಿದ್ದು ನಾಲ್ಕನೇ ತರಗತಿ. ತಾಯಿ ಹುಣಸೂರಿನ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರು. ಗಂಡ ಕರಿಯಯ್ಯ ಬಾಂದು ಜವಾನನಾಗಿದ್ದರು. ಕಾಮಾಲೆಯಿಂದ ಅವರು ತೀರಿಕೊಂಡಾಗ ಚಿಕ್ಕಸಿದ್ದಮ್ಮನಿಗೆ ಮೂವತ್ತೆರಡು ವರ್ಷ, ಕಂಕುಳಲ್ಲಿ ಮಗಳು. ಅನುಕಂಪದ ಮೇಲೆ ಗಂಡನ ಕೆಲಸವೇ ಸಿಕ್ಕಿತು. ಹೆಂಗಸು ಹೊಲ ಹೊಲ ತಿರುಗಿ ಟೇಪು ಹಿಡಿಯುವುದನ್ನು ಆಗ ಯಾರೂ ಕಂಡಿರಲಿಲ್ಲ. ಕಚೇರಿಯಲ್ಲೇ ಕಡತ ಎತ್ತಿಡುವ ಕೆಲಸ ಕೊಡುತ್ತಾರೆ ಎಂದುಕೊಂಡಿದ್ದರಂತೆ.

ಮೊದಲ ದಿನದ ಕತೆಯನ್ನು ಅವರು ಎರಡು ಸಲ ಹೇಳುತ್ತಾರೆ. ಆ ದಿನದ ಸರ್ವೇಯರು ಕೈಗೆ ಬಾವುಟ ಕೊಟ್ಟು, ದೂರದ ದಿಬ್ಬ ತೋರಿಸಿ, ಅಲ್ಲಿ ಹೋಗಿ ನಿಂತುಕೋ ಎಂದರು. ಹೋಗಿ ನಿಂತರು. ಅಳತೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸರ್ವೇಯರು, ಜಮೀನಿನವರು ಎಲ್ಲರೂ ಊರೊಳಗೆ ಹೋದರು. ಇವರನ್ನು ಬಾ ಎಂದು ಯಾರೂ ಕರೆಯಲಿಲ್ಲ.

"ನಿಂತ್ಕಂಡೇ ಇದ್ದೆ. ಕೈ ಸೋತೋಯ್ತು. ಬಾವುಟ ಇಳ್ಸಿದ್ರೆ ಲೆಕ್ಕ ತಪ್ಪೋದ್ರೆ ಏನ್ ಗತಿ ಅಂತ ಎದ್ರಿಕೆ. ಬಿಸ್ಲು ನೆತ್ತಿಗೆ ಬಂತು. ಕುರಿ ಕಾಯೋ ಮುದ್ಕ ಒಬ್ಬ ಬಂದು, ಏನವ್ವ ಇಲ್ಲಿ ಬೆದ್ರುಬೊಂಬೆ ನಿಂತಂಗೆ ನಿಂತಿದ್ದೀಯೆ, ಅವ್ರೆಲ್ಲ ಉಂಡ್ಕೊಂಡು ಬಸ್ಸತ್ತಿ ಓದ್ರು ಅಂದ. ಅವತ್ತು ಅತ್ತಿದ್ದೇ ಅತ್ತಿದ್ದು. ಏನ್ ಕೆಲ್ಸ ಇದು, ಯಾಕ್ ನಿಂತಿದ್ದೆ, ಏನ್ ಅಳ್ದ್ರು, ಒಂದೂ ಗೊತ್ತಿಲ್ಲ ನಂಗೆ."

ಕೆಲಸವನ್ನು ಯಾರೂ ಹೇಳಿಕೊಡಲಿಲ್ಲ. ಆರು ತಿಂಗಳು ಸುಮ್ಮನೆ ನೋಡಿದರು. ಹೋದ ಊರಿನಲ್ಲಿ ಸರ್ವೇಯರಿಗೆ ಕುರ್ಚಿ, ಕಾಫಿ, ಇವರಿಗೆ ಬದು. ಆ ಬದುವಿನ ಮೇಲೆ ಕುಳಿತೇ ಊರಿನ ಹಿರಿಯರ ಮಾತು ಕೇಳಿಸಿಕೊಂಡರು. ಕಲ್ಲು ಹೂತ ಕಡೆ ಗರಿಕೆ ಹೇಗಿರುತ್ತದೆ, ಕದಲಿಸಿದ ಕಲ್ಲಿನ ಸುತ್ತ ಮಣ್ಣಿನ ಬಣ್ಣ ಹೇಗೆ ಬೇರೆ ಎಂಬುದೆಲ್ಲ ಹಾಗೆ ಬಂದದ್ದು. ಈಗ ತಿಂಗಳಿಗೆ ಇಪ್ಪತ್ತೆರಡು ದಿನ ಹೊಲದಲ್ಲಿ. ದಿನಕ್ಕೆ ಎರಡು ಊರು, ಮೂರು ಬಸ್ಸು, ಎಂಟು ಹತ್ತು ಕಿಲೋಮೀಟರು ನಡಿಗೆ. ಹೆಗಲ ಚೀಲದಲ್ಲಿ ಟೇಪು, ಗೂಟಗಳು, ಸುಣ್ಣದ ಪುಡಿ, ಎರಡು ಬಾವುಟ, ರಾಗಿರೊಟ್ಟಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಆನೆ ಲದ್ದಿ ಬಿಸಿಯಾಗಿದೆಯೇ ಎಂದು ನೋಡಿಕೊಂಡು ಹೊಲಕ್ಕೆ ಇಳಿಯಬೇಕು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಗಿಡ ಎದೆಯುದ್ದ ಬೆಳೆದಾಗ ಬಾವುಟವೇ ಕಾಣುವುದಿಲ್ಲ.

ಏಳೂವರೆಗೆ ಸ್ಕೂಟರಿನಲ್ಲಿ ವಾಣಿಶ್ರೀ ಬರುತ್ತಾರೆ. ಇಪ್ಪತ್ತೈದರ ಭೂಮಾಪಕಿ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಕಣ್ಣಿನಲ್ಲಿ ನಿದ್ದೆಯಿಲ್ಲ. ನನಗೆ ನಮಸ್ಕಾರ ಹೇಳುವುದನ್ನೂ ಮರೆತು, ಗುಂಡಿಯಲ್ಲಿ ಕಾಣುವ ಕಪ್ಪು ಕಲ್ಲಿನ ಮೇಲೆ ಕೈಯಿಡುತ್ತಾರೆ.

"ಇತ್ತಾ ಅಮ್ಮ?"

"ಇತ್ತು ಕಣ ಮಗ. ಎಲ್ಲಿಗ್ ಓದಾನು?"

ಎರಡು ಕಲ್ಲಿನ ಒಗಟನ್ನು ಆಮೇಲೆ ವಾಣಿಶ್ರೀಯೇ ಬಿಡಿಸುತ್ತಾರೆ. ಈ ಹೊಲ ಮಹದೇವಪ್ಪ ಎಂಬ ರೈತರದು. ಪಕ್ಕದ್ದು ಕುಳ್ಳಮ್ಮ ಎಂಬ ಹಿರಿಯ ಹೆಂಗಸಿನದು. ತಮ್ಮ ಹೊಲದ ಗಡಿ ಗುರುತಿಸಿಕೊಡಿ ಎಂದು ಮಹದೇವಪ್ಪ ಅರ್ಜಿ ಹಾಕಿದ್ದರು. ತಿಂಗಳ ಹಿಂದೆ ವಾಣಿಶ್ರೀ ಅಳತೆಗೆ ಬಂದರು. ಮಗಳ ಬಾಣಂತನಕ್ಕೆಂದು ಚಿಕ್ಕಸಿದ್ದಮ್ಮ ರಜೆಯಲ್ಲಿದ್ದರು. ಹಳೆಯ ಕಲ್ಲು ಬದುವಿನಲ್ಲಿ ಹೂತುಹೋಗಿತ್ತು, ಹುಡುಕುವವರಿರಲಿಲ್ಲ. ನಕ್ಷೆಯ ಹಳೆಯ ಅಳತೆಯಲ್ಲಿ 5-8 ಎಂದು ಬರೆದಿತ್ತು. ಹಳೆಯ ಕಾಲದ ಲೆಕ್ಕ ಸರಪಳಿಯದು, ಒಂದು ಸರಪಳಿ ಎಂದರೆ ಮೂವತ್ತಮೂರು ಅಡಿ. ವಾಣಿಶ್ರೀ ಅದನ್ನು ಐದು ಪಾಯಿಂಟ್ ಎಂಟು ಸರಪಳಿ ಎಂದು ಓದಿ, ಅಳತೆಯ ಯಂತ್ರಕ್ಕೆ ಹಾಕಿ, ಅದು ತೋರಿಸಿದಲ್ಲಿ ಕಲ್ಲು ನೆಡಿಸಿದರು. ಕುಳ್ಳಮ್ಮನ ಆರು ತೆಂಗಿನ ಮರ ಮಹದೇವಪ್ಪನ ಪಾಲಿಗೆ ಬಂದವು. ಮರುವಾರವೇ ಅವರು ಕಾಯಿ ಕೀಳಿಸಿದರು.

ಕುಳ್ಳಮ್ಮ ಜಗಳವಾಡಲಿಲ್ಲ. ಬಸ್ಸು ಹತ್ತಿ ಕಚೇರಿಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಮರುದಿನವೂ ಬಂದರು. ಮೂರನೆಯ ದಿನವೂ. ಕೇಳಿದವರಿಗೆಲ್ಲ ಒಂದೇ ಮಾತು: "ಮರ ನೆಟ್ಟೋಳು ನಾನು. ಬ್ಯಾರೇರ್ ವಲದಾಗೆ ನೆಡಕ್ಕೆ ನಂಗೇನ್ ಉಚ್ಚಾ?"

"ನನಗೆ ಏನೂ ತೋಚಲಿಲ್ಲ ಸರ್. ಲೆಕ್ಕ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ ಬಂತು. ಯಂತ್ರ ಸರಿಯಿದೆ, ನಕ್ಷೆ ಸರಿಯಿದೆ. ಆದರೆ ಆ ಅಜ್ಜಿ ಸುಳ್ಳು ಹೇಳ್ತಾರೆ ಅಂತಾನೂ ಅನ್ನಿಸ್ತಿರಲಿಲ್ಲ. ಯಾರನ್ನ ಕೇಳೋದು? ಕೇಳಿದ್ರೆ ಇಷ್ಟೂ ಬರಲ್ವಾ ಅಂತಾರೆ" ಎನ್ನುತ್ತಾರೆ ವಾಣಿಶ್ರೀ. ಜೊತೆಯವರೊಬ್ಬರು ಉಪಾಯ ಹೇಳಿದರಂತೆ: ಕಲ್ಲು ನೆಟ್ಟಾಯಿತು, ಒಪ್ಪದವರು ಮೇಲ್ಮನವಿ ಹಾಕಲಿ, ಅದು ಮುಗಿಯುವಷ್ಟರಲ್ಲಿ ನಿಮ್ಮ ಪ್ರೊಬೇಷನ್ ಮುಗಿದಿರುತ್ತದೆ.

ರಜೆ ಮುಗಿಸಿ ಬಂದ ಚಿಕ್ಕಸಿದ್ದಮ್ಮ ಮೆಟ್ಟಿಲ ಮೇಲಿನ ಕುಳ್ಳಮ್ಮನನ್ನು ಕಂಡರು. ಮಧ್ಯಾಹ್ನ ವಾಣಿಶ್ರೀ ಊಟದ ಡಬ್ಬಿ ತೆರೆಯದೆ ಕುಳಿತದ್ದನ್ನೂ ಕಂಡರು. ನಕ್ಷೆ ತೋರಿಸಿ ಎಂದರು.

"ಇದೇನಿದು?"

"ಐದು ಪಾಯಿಂಟ್ ಎಂಟು."

"ಪಾಯಿಂಟು ಎಲ್ಲಿಂದ ಬಂತವ್ವ? ಅದು ಆಣೆ. ಐದು ಸರಪ್ಳಿ ಎಂಟಾಣೆ. ಎಂಟಾಣೆ ಅಂದ್ರೆ ಅರ್ದ ಕಣ ಮಗ."

ಒಂದು ಸರಪಳಿಗೆ ಹದಿನಾರು ಆಣೆ. ಎಂಟಾಣೆ ಎಂದರೆ ಅರ್ಧ ಸರಪಳಿ. ಆಣೆಯ ಪಾಠ ತರಬೇತಿಯಲ್ಲಿ ಆಗಿತ್ತಂತೆ, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತಂತೆ. ಆದರೆ ನಾಣ್ಯವಾಗಿ ಆಣೆಯನ್ನು ಕಂಡೇ ಇಲ್ಲದ ಹುಡುಗಿಗೆ ಅವತ್ತು ಹೊಲದಲ್ಲಿ, ಹತ್ತು ಜನ ಸುತ್ತ ನಿಂತು ನೋಡುವಾಗ, ಅದು ನೆನಪಾಗಲಿಲ್ಲ. ಚಿಕ್ಕಸಿದ್ದಮ್ಮನಿಗೆ ದಶಮಾಂಶ ಬರುವುದಿಲ್ಲ. ಆದರೆ ಅವರ ತಾಯಿ ಸೊಪ್ಪಿನ ಕಟ್ಟನ್ನು ಆಣೆಯಲ್ಲೇ ಎಣಿಸುತ್ತಿದ್ದರು.

ವಾಣಿಶ್ರೀ ಎಂಟಾಣೆಯ ಲೆಕ್ಕದಲ್ಲಿ ಮತ್ತೆ ಮಾಡಿ ನೋಡಿದರು: ಹತ್ತಡಿ ವ್ಯತ್ಯಾಸ. ಕೊನೆಗೆ ಕೇಳಿದ್ದು ಇಷ್ಟೇ: "ಈಗ ಏನ್ ಮಾಡ್ಲಿ ಅಮ್ಮ? ಕೆಲಸ ಹೋಗುತ್ತಾ?"

"ನಂಗೆ ಗೊತ್ತಿಲ್ಲ ಅಂದೆ" ಎನ್ನುತ್ತಾರೆ ಚಿಕ್ಕಸಿದ್ದಮ್ಮ. "ಓಗಾಕಿಲ್ಲ ಅಂತ ಯೋಳಾಕೆ ನಾನ್ ಯಾರು? ಅದ್ಕೆ ನನ್ ಕತೆ ಯೋಳ್ದೆ. ಅದ್ನ ಯಾರ್ಗೂ ಯೋಳಿರ್ಲಿಲ್ಲ."

ಅವರು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಊರಿನಲ್ಲಿ ಅಳತೆ ನಡೆದಿತ್ತು. ಅಲ್ಲಿನ ಒಂದು ಕಲ್ಲಿನ ಸುತ್ತ ಮಣ್ಣು ಹೊಸದಾಗಿತ್ತು. ಯಾರೋ ಅದನ್ನು ಮೊದಲಿದ್ದ ಜಾಗದಿಂದ ಕಿತ್ತು ಅಲ್ಲಿ ಹುಗಿದಿದ್ದರು. ಇವರಿಗೆ ಅದು ಕಂಡಿತು, ಸರ್ವೇಯರಿಗೆ ಕಾಣಲಿಲ್ಲ. ಇವರು ಬಾವುಟ ಹಿಡಿದು ಅದೇ ಕಲ್ಲಿನ ಪಕ್ಕ ನಿಂತರು. ಆ ತಪ್ಪು ಗಡಿಯಿಂದ ಒಂದು ಬಡ ಸಂಸಾರದ ಬಾವಿಯ ದಾರಿ ಅಂದಿಗೆ ಮುಚ್ಚಿಹೋಯಿತು.

"ಜವಾನಿ ಮಾತು ಯಾರ್ ಕೇಳ್ತರೆ ಅಂತ ಸುಮ್ಕಾದೆ. ಕೇಳ್ತಿದ್ರೋ ಇಲ್ವೋ, ನಾನ್ ಯೋಳೇ ಇಲ್ವಲ್ಲ. ಆ ಮನೆ ಎಣ್ಣುಮಗ್ಳು ಊರು ಸುತ್ತಾಕ್ಕೊಂಡು ಕೊಡ ಒತ್ಕೊಂಡು ಓಗೋದ ನೋಡಿವ್ನಿ. ಇವತ್ಗೂ ಆ ಊರ್ ಮ್ಯಾಲೆ ಬಸ್ಸು ಓದ್ರೆ ಸೆರ್ಗು ಮುಖಕ್ಕೆ ಮುಚ್ಕತೀನಿ. ಅವ್ಳಿಗೆ ನನ್ ಗುರ್ತೂ ಇಲ್ಲ. ಆದ್ರೂ."

ವಾಣಿಶ್ರೀ ಅಂದು ಸಂಜೆಯೇ ಮೇಲಧಿಕಾರಿಗೆ ತಪ್ಪನ್ನು ಬರೆದುಕೊಟ್ಟರು. ಮರು ಅಳತೆಗೆ ಅನುಮತಿ ಪಡೆದು, ಎರಡೂ ಕಡೆಯವರಿಗೆ ನೋಟಿಸು ಕಳಿಸಿದರು. ಆ ಮರು ಅಳತೆಯ ದಿನ ಇದು. ಅದು ಗೊತ್ತಿಲ್ಲದೆಯೇ ನಾನು ಟೇಪು ಹಿಡಿದು ನಿಂತಿದ್ದೆ.

ಎಂಟು ಗಂಟೆಗೆ ಕುಳ್ಳಮ್ಮ ಮತ್ತು ಊರಿನ ಕೆಲವರು ಬಂದು ನಿಲ್ಲುತ್ತಾರೆ, ಹಿಂದೆಯೇ ಮಹದೇವಪ್ಪ ಬರುತ್ತಾರೆ. ಬಂದವರೇ ಗುಂಡಿಯಲ್ಲಿನ ಕಲ್ಲು ನೋಡಿ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ.

"ಏನ್ ಮಕ್ಳಾಟ ಇದು? ಅವತ್ತು ನೀವೇ ಕಲ್ಲು ನೆಟ್ರಿ. ಇವತ್ತು ನೀವೇ ಕೀಳಾಕೆ ಬಂದಿದ್ದೀರಿ. ಆಯಮ್ಮ ಏನ್ ಕೊಟ್ಲು ನಿಮ್ಗೆ?"

ವಾಣಿಶ್ರೀ ಕೈಯಲ್ಲಿನ ನಕ್ಷೆಯನ್ನು ಬಿಚ್ಚುತ್ತಾರೆ. ಚಿಕ್ಕಸಿದ್ದಮ್ಮ ಪಕ್ಕದಲ್ಲೇ ಇದ್ದಾರೆ, ಆದರೆ ಬಾಯಿ ಬಿಡುವುದಿಲ್ಲ. ಯಾಕೆ ಸುಮ್ಮನಿದ್ದಾರೆ ಎಂದು ನನಗೆ ಆ ಕ್ಷಣದಲ್ಲಿ ಸಿಟ್ಟೂ ಬರುತ್ತದೆ.

"ಯಾರೂ ಏನೂ ಕೊಟ್ಟಿಲ್ಲ" ಎನ್ನುತ್ತಾರೆ ವಾಣಿಶ್ರೀ. "ನಾನು ತಪ್ಪು ಮಾಡ್ದೆ. ಎಂಟಾಣೆನ ಪಾಯಿಂಟ್ ಎಂಟು ಅಂತ ಓದ್ಬಿಟ್ಟೆ. ಹತ್ತಡಿ ಜಾಸ್ತಿ ಆಯ್ತು. ಇಲ್ಲಿ ಹಳೇ ಕಲ್ಲಿದೆ, ನೀವೇ ಅಳೆದು ನೋಡಿ."

ಸುತ್ತ ನಿಂತವರು ಹತ್ತಿರಕ್ಕೆ ಬಂದು ಕಲ್ಲನ್ನು ಬಗ್ಗಿ ನೋಡುತ್ತಾರೆ. ಸರ್ಕಾರಿ ನೌಕರರೊಬ್ಬರು ಹೀಗೆ ಹೇಳಿದ್ದನ್ನು ಅವರು ಹಿಂದೆಂದೂ ಕೇಳಿದಂತಿಲ್ಲ. ಮಹದೇವಪ್ಪನೂ ಗಲಿಬಿಲಿಗೊಳ್ಳುತ್ತಾರೆ. ಟೇಪು ತಾವೇ ಹಿಡಿದು ಎರಡು ಸಲ ಅಳೆಯುತ್ತಾರೆ. ಎರಡು ಸಲವೂ ಹಳೆಯ ಕಲ್ಲಿಗೇ ಬಂದು ನಿಲ್ಲುತ್ತದೆ. "ನಾನ್ ಮ್ಯಾಲಕ್ಕೆ ಬರೀತೀನಿ, ಬುಡಾಕಿಲ್ಲ" ಎಂದು ಹೇಳಿ, ಮಹಜರಿಗೆ ಸಹಿ ಹಾಕಿ ಹೊರಡುತ್ತಾರೆ.

ಕುಳ್ಳಮ್ಮ ಹಿಂದಿನಿಂದ ಅವರನ್ನು ಕೂಗುತ್ತಾರೆ. "ಕಾಯಿ?"

"ಕಾಯಿ ಸಂತೆಗೆ ಓಯ್ತು" ಎನ್ನುತ್ತಾರೆ ಮಹದೇವಪ್ಪ, ತಿರುಗದೆ.

"ಓಗ್ಲಿ ಬುಡು, ಮರ ಅವೆ." ಕುಳ್ಳಮ್ಮ ತಮ್ಮ ತೆಂಗಿನ ಮರಗಳನ್ನು ಒಂದೊಂದಾಗಿ ಮುಟ್ಟಿಕೊಂಡು ಹೋಗುತ್ತಾರೆ. ವಾಣಿಶ್ರೀಗಾಗಲಿ ಚಿಕ್ಕಸಿದ್ದಮ್ಮನಿಗಾಗಲಿ ಒಂದು ಒಳ್ಳೆಯ ಮಾತು ಹೇಳುವುದಿಲ್ಲ. ಹೇಳಬೇಕಿತ್ತೇ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಹೊಸ ಕಲ್ಲನ್ನು ಕೀಳಲು ಅರ್ಧ ಗಂಟೆ ಬೇಕಾಗುತ್ತದೆ. ಹಾರೆ ಹಾಕುವವರು ಚಿಕ್ಕಸಿದ್ದಮ್ಮನೇ. ವಾಣಿಶ್ರೀ ಕೈ ಹಾಕಲು ಬಂದರೆ, "ನೀವು ನಕ್ಷೆ ಬರೀರಿ ಮೇಡಮ್ಮು" ಎಂದು ಜನರ ಮುಂದೆ ಗದರುವಂತೆ ಹೇಳುತ್ತಾರೆ. ಅವರಿಬ್ಬರೇ ಇದ್ದಾಗ ಮಗ, ನಾಲ್ಕು ಜನರಿದ್ದಾಗ ಮೇಡಮ್ಮು. ಮಹದೇವಪ್ಪ ಅಷ್ಟು ದೊಡ್ಡ ಮಾತಾಡಿದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಕೇಳುತ್ತೇನೆ. "ನಾನ್ ಮಾತಾಡಿದ್ರೆ ಅದು ನನ್ ಮಾತಾಯ್ತಿತ್ತು. ಸರ್ವೇರು ಅವ್ಳು. ನಾಳೆ ನಾನಿರಾಕಿಲ್ಲ, ಅವ್ಳೇ ನಿಂತ್ಕಬೇಕಲ್ಲ."

ಮೂರು ವಾರದ ಬಳಿಕ ನಾನು ಮತ್ತೆ ಕಚೇರಿಗೆ ಹೋದಾಗ ಫಲಿತಾಂಶ ಗೊತ್ತಾಗುತ್ತದೆ. ಮಹದೇವಪ್ಪ ದೂರು ಕೊಟ್ಟಿದ್ದಾರೆ. ವಾಣಿಶ್ರೀಗೆ ಕಾರಣ ಕೇಳಿ ನೋಟಿಸು ಬಂದು, ಉತ್ತರ ಬರೆದು, ಎಚ್ಚರಿಕೆಯ ಪತ್ರ ಸಿಕ್ಕಿದೆ. ಕೆಲಸ ಉಳಿದಿದೆ. ಮೇಲ್ಮನವಿಯ ಉಪಾಯ ಹೇಳಿದ್ದ ಸಹೋದ್ಯೋಗಿ, ನೋಡಿದಿರಾ ಎಂಬಂತೆ ನಕ್ಕಿದ್ದಾರೆ. "ಮಾಡಿದ್ದು ಸರಿ ಅಂತ ಒಂದೊಂದು ದಿನ ಅನ್ಸುತ್ತೆ, ಒಂದೊಂದು ದಿನ ನಾನು ದಡ್ಡಿ ಅನ್ಸುತ್ತೆ. ಈಗ ಪ್ರತಿಯೊಂದು ಅಂಕಿನೂ ಮೂರು ಸಲ ಓದ್ತೀನಿ, ಹಾಗಾಗಿ ಕೆಲಸ ನಿಧಾನ. ಅದಕ್ಕೂ ಬೈಸ್ಕೋತೀನಿ" ಎಂದು ವಾಣಿಶ್ರೀ ನಗುತ್ತಾರೆ. ಆ ನಗು ಪೂರ್ತಿಯಾಗಿ ನಗುವೂ ಅಲ್ಲ.

ಇದನ್ನು ಚಿಕ್ಕಸಿದ್ದಮ್ಮನಿಗೆ ಹೇಳಿದರೆ ಅವರು ತಲೆ ತಗ್ಗಿಸುತ್ತಾರೆ. "ನಾನ್ ಯೋಳಿದ್ದು ಸರೀನಾ ಅಂತ ನಂಗೂ ಗೊತ್ತಿಲ್ಲ ಸಾ. ನನ್ ಮನ್ಸಿನ್ ಬಾರ ಇಳ್ಸ್ಕಳಾಕೆ ಆ ಉಡ್ಗಿ ತಲೆ ಮ್ಯಾಲೆ ಆಕ್ದ್ನಾ? ಪತ್ರ ಬಂದ್ ದಿನ ಉಣ್ಣಾಕೇ ಆಗ್ಲಿಲ್ಲ. ಅವ್ಳ ಕೆಲ್ಸ ಓಗಿದ್ರೆ ನಾನೇನ್ ಮಾಡಾಕಾಯ್ತಿತ್ತು?" ತಾವೇ ಮುಂದುವರಿಸುತ್ತಾರೆ. "ಮೊನ್ನೆ ಇನ್ನೊಂದು ಊರ್ಗೆ ಓಗಿದ್ವಿ. ನಕ್ಷೇಲಿ ಏನೋ ಮಸ್ಕಾಗಿತ್ತು. ಅಷ್ಟು ಜನ್ರ ಮುಂದೆ ಅವ್ಳು, ಇದು ನಂಗೆ ಗೊತ್ತಾಗ್ತಿಲ್ಲ, ಕಚೇರಿಗೆ ಓಗಿ ನೋಡ್ಕಂಡು ನಾಳೆ ಬತ್ತೀನಿ ಅಂದ್ಲು. ಬಸ್ಸಿನ್ ಕಾಸು ದಂಡ ಅಂತ ಜನ ಗೊಣಗಿದ್ರು. ನಾನ್ ಸುಮ್ಕೆ ಟೇಪು ಸುತ್ಕೊಂಡೆ."

ಅದನ್ನು ಹೇಳುವಾಗ ಅವರ ಮುಖ ನೋಡಿದರೆ, ಪುರವಣಿಗೆ ಬರೆಯಬೇಕಾದ ಕಿವಿಮಾತು ಅದೇ ಇರಬಹುದೇನೋ ಎನಿಸುತ್ತದೆ. ಖಚಿತವಾಗಿ ಹೇಳಲಾರೆ.

ಮುಂದಿನ ವರ್ಷ ಅವರು ನಿವೃತ್ತರಾಗುತ್ತಾರೆ. ಕಚೇರಿಯಲ್ಲಿ ಈಗ ಅವರೊಬ್ಬರೇ ಬಾಂದು ಜವಾನರು, ಉಳಿದ ಮೂರು ಹುದ್ದೆ ಖಾಲಿ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮೊದಲು ಇಲ್ಲ ಎನ್ನುತ್ತಾರೆ. ಬಸ್ಸಿಗೆ ಎದ್ದು, ಚೀಲವನ್ನು ಹೆಗಲಿಗೇರಿಸಿದ ಮೇಲೆ ನಿಂತು ಹೇಳುತ್ತಾರೆ:

"ಸರ್ವೇರ್‌ಗಳ್ಗೆಲ್ಲ ಯೋಳ್ಕೊಟ್ಟಾಯ್ತು. ನನ್ ಕೆಲ್ಸ ಕಲ್ಯಾಕೆ ಇನ್ನೂ ಯಾರೂ ಬಂದಿಲ್ಲ. ಗಂಡೋ ಎಣ್ಣೋ, ಯಾರ್ನಾರ ಒಬ್ರ ಆಕುದ್ರೆ ಸಾಕು, ನಾನ್ ಓಗೋದ್ರೊಳ್ಗೆ ಆರು ತಿಂಗ್ಳು ಜೊತೇಲಿ ಕರ್ಕೊಂಡು ತಿರುಗ್ತೀನಿ. ಮೊದ್ಲು ಮೊದ್ಲು ಅವ್ರಿಗೆ ಏನೂ ತಿಳ್ಯಾಕಿಲ್ಲ. ತಿಳೀದಿದ್ರೆ ಪರವಾಗಿಲ್ಲ, ನನ್ ಪಕ್ಕ ನಿಂತ್ಕಳ್ಲಿ."